ನೂರರಲ್ಲಿ 98 ಹೋದರೆ 198!

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಎರಡನೇ ಕ್ಲಾಸು. ಹೋಂವರ್ಕಲ್ಲಿ ನೂರರಿಂದ 98 ಕಳೆಯೋ ಲೆಕ್ಕ ಇತ್ತು. ಒಂದರ ಕೆಳಗೊಂದು ಮುದ್ದಾಗಿ ಬರೆದು, ಸೊನ್ನೆಗೂ ಎಂಟಕ್ಕೂ ಎಂಟು, ಸೊನ್ನೆಗೂ ಒಂಬತ್ತಕ್ಕೂ ಒಂಬತ್ತು, ಉಳಿದ ಒಂದನ್ನು ಹಾಗೇ ಕೆಳಗಿಳಿಸಿ 198 ಅಂತ ಬರೆದು ಮುಂದಿನ ಲೆಕ್ಕಕ್ಕೆ ಹೋದಳು. ಕಳೆದ ಮೇಲೆ ಜಾಸ್ತಿ ಆಯ್ತಲ್ಲ ಅನ್ನೋ ಅನುಮಾನ ಒಂದಿಷ್ಟೂ ಇಲ್ಲ!

ಪುಸ್ತಕ ಮುಚ್ಚಿಸಿ ಕೇಳಿದೆ. "ನಿನ್ನ ಹತ್ರ ನೂರು ರೂಪಾಯಿ ಇದೆ, ಅಂಗಡೀಲಿ 98 ರೂಪಾಯಿ ಆಯ್ತು. ಎಷ್ಟು ವಾಪಸ್ ಕೊಡ್ತಾರೆ?"

"ಎರಡು ರೂಪಾಯಿ. ಆದ್ರೆ ಕೊಡಲ್ಲ ಮಾಮ, ಎರಡು ಚಾಕಲೇಟ್ ಕೊಡ್ತಾರೆ."

ಅಂದ್ರೆ ಲೆಕ್ಕ ಅವಳಿಗೆ ಬರುತ್ತೆ. ಪುಸ್ತಕ ತೆಗೆದ ತಕ್ಷಣ ಬರಲ್ಲ. ಇದೇನು ನಮ್ಮನೆ ಹುಡುಗಿಯ ವಿಚಿತ್ರ ಅಂದ್ಕೋಬೇಡಿ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತಿತರರ ಒಂದು ಅಧ್ಯಯನ ಬಂತು. ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡೋ ಮಕ್ಕಳು ದೊಡ್ಡ ದೊಡ್ಡ ಲೆಕ್ಕಾನ ಬಾಯಲ್ಲೇ ಮಾಡ್ತಾರೆ, ಅದನ್ನೇ ಶಾಲೆಯ ಥರ ಕಾಗದದ ಮೇಲೆ ಕೊಟ್ಟರೆ ತಡಬಡಾಯಿಸ್ತಾರೆ. ಶಾಲೆಗೆ ಹೋಗೋ ಮಕ್ಕಳದ್ದು ಇದರ ಉಲ್ಟಾ. ಶಾಲೆಯ ಲೆಕ್ಕಕ್ಕೂ ಬೀದಿಯ ಲೆಕ್ಕಕ್ಕೂ ಮಧ್ಯೆ ಸೇತುವೆ ಕಟ್ಟೋರೇ ಇಲ್ಲ.

ಡೈರಿ ತೆಗೆದು ನೋಡಿದೆ. ಕೆಂಪು ಇಂಕಲ್ಲಿ, "ಬೆರಳು ಎಣಿಸುತ್ತಾಳೆ, ಗಮನ ಕೊಡಿ." ಅಕ್ಕ ಗಮನ ಕೊಟ್ಟಿದ್ದಾಳೆ, ಅಬ್ಯಾಕಸ್ ಕ್ಲಾಸಿಗೆ ಸೇರಿಸಿದ್ದಾಳೆ. "ಹದಿನಾರರ ತನಕ ಮಗ್ಗಿ ಬರುತ್ತೆ ಕಣೋ" ಅಂತ ಹೆಮ್ಮೆ ಬೇರೆ. ಎಂಟು ಏಳು ಕೂಡಿಸಿದರೆ ಎಷ್ಟು ಅಂದ್ರೆ ಮಗು ಕೈ ಬೆನ್ನ ಹಿಂದೆ ಬಚ್ಚಿಟ್ಕೊಂಡು ಒಂದರಿಂದ ಎಣಿಸ್ತಾಳೆ. ಬೆರಳು ಬಿಟ್ಟಿಲ್ಲ, ಕದ್ದು ಎಣಿಸೋದು ಕಲಿತಿದ್ದಾಳೆ ಅಷ್ಟೆ.

ಬೆರಳು ಎಣಿಸಿದ್ರೆ ತಪ್ಪೇನ್ರೀ? ಹತ್ತು ಬೆರಳು ಇರೋದಕ್ಕೇ ಅಲ್ವೆ ನಾವು ಹತ್ತು ಹತ್ತಾಗಿ ಎಣಿಸೋದು? ಒಂದು ಕೈ ಮೇಲೆ ಮೂರು ಅಂದ್ರೆ ಎಂಟು ಅಂತ ನೋಡಿದ ತಕ್ಷಣ ತಿಳಿಯೋದು ಕಲಿಕೆಯ ಮೊದಲ ಮೆಟ್ಟಿಲು. ಎಂಟಕ್ಕೆ ಎರಡು ಕೊಟ್ಟರೆ ಹತ್ತು, ಏಳರಲ್ಲಿ ಉಳಿದದ್ದು ಐದು, ಹದಿನೈದು. ಇಲ್ಲಾ, ಏಳೂ ಏಳೂ ಹದಿನಾಲ್ಕು, ಮೇಲೊಂದು. ಹೀಗೆ ಸಂಖ್ಯೆಯನ್ನು ಒಡೆದು ಕಟ್ಟೋದು ಬಂದ ದಿನ ಬೆರಳು ತಾನೇ ಮಡಚ್ಕೊಳ್ಳುತ್ತೆ. ಕೆಂಪು ಇಂಕು ಬೇಕಾಗಿಲ್ಲ.

ಮಗ್ಗಿ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಬರೀ ಮಗ್ಗಿ ಅಂದ್ರೆ, ನಮ್ಮ ಕೋಡಿಂಗ್ ಭಾಷೇಲಿ ಹೇಳೋದಾದ್ರೆ, ಫಂಕ್ಷನ್ ಇಲ್ಲದ ಲುಕಪ್ ಟೇಬಲ್. ಟೇಬಲ್ಲಲ್ಲಿ ಇಲ್ಲದ್ದು ಕೇಳಿದ್ರೆ ಸಿಸ್ಟಮ್ ಹ್ಯಾಂಗ್. (ನಾನೂ ಅದೇ ಕಾರ್ಖಾನೆಯ ಸರಕು ಬಿಡಿ. ಇಂಜಿನಿಯರಿಂಗಲ್ಲಿ ನಾಲ್ಕು ಸೆಮಿಸ್ಟರ್ ಗಣಿತ ಪಾಸು ಮಾಡಿ, ಹೋಟೆಲ್ ಬಿಲ್ಲು ಐದು ಜನಕ್ಕೆ ಹಂಚೋಕೆ ಮೊಬೈಲ್ ತೆಗೀತೀನಿ. ನಮ್ಮಜ್ಜ 48 ರೂಪಾಯಿಯ ಐದು ಸಾಮಾನು ಅಂದ್ರೆ ಇನ್ನೂರೈವತ್ತರಲ್ಲಿ ಹತ್ತು ತೆಗೆದು ಇನ್ನೂರ ನಲವತ್ತು ಅಂತ ಅಡಿಕೆ ಕತ್ತರಿಸ್ತಾನೇ ಹೇಳೋರು.)

ಇನ್ನೊಂದು ಹೊಟ್ಟೆಉರಿ. ಕನ್ನಡದಲ್ಲಿ ಸಂಖ್ಯೆಯ ಹೆಸರಲ್ಲೇ ಅರ್ಧ ಪಾಠ ಇದೆ. ಐವತ್ತೇಳು, ಅಂದ್ರೆ ಐದು ಹತ್ತು, ಮೇಲೆ ಏಳು. ಮೂವತ್ತು ಅಂದ್ರೆ ಮೂರು ಹತ್ತು. ಹದಿನಾಲ್ಕರಲ್ಲಿ ಹತ್ತು ಮೊದಲು, ನಾಲ್ಕು ಆಮೇಲೆ, ಬರೆಯೋ ಕ್ರಮದಲ್ಲೇ. ಇಂಗ್ಲಿಷಿನ ಇಲೆವೆನ್, ಟ್ವೆಲ್ವಲ್ಲಿ ಹತ್ತು ಎಲ್ಲಿ ಅಡಗಿದೆ, ಮಗು ಹುಡುಕಬೇಕು. ಫೋರ್ಟೀನಲ್ಲಿ ನಾಲ್ಕೇ ಮುಂದೆ! ಕನ್ನಡ ಮಾತಾಡೋ ಮಕ್ಕಳ ಬಾಯಿಂದ ಕನ್ನಡದ ಎಣಿಕೆ ಕಿತ್ತುಹಾಕಿ, ಆಮೇಲೆ ಬಿಡಿ-ಹತ್ತು ಅರ್ಥ ಆಗಿಲ್ಲ ಅಂತ ಟ್ಯೂಷನ್ನಿಗೆ ಹಾಕ್ತೀವಿ. ಇಂಗ್ಲಿಷ್ ಮೀಡಿಯಮ್ಮೇ ಇರಲಿ, ಎರಡೂ ಭಾಷೇಲಿ ಎಣಿಸಿದ್ರೆ ಗಂಟೇನು ಹೋಗುತ್ತೆ?

2021ರಲ್ಲಿ ಶುರುವಾದ ನಿಪುಣ್ ಭಾರತ್, 2026-27ರೊಳಗೆ ಮೂರನೇ ಕ್ಲಾಸು ಮುಗಿಸೋ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಬುನಾದಿ ಇರಬೇಕು ಅಂತ ಗುರಿ ಇಟ್ಟಿದೆ. 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಹುಟ್ಟಿದ ನಲಿ-ಕಲಿಯಲ್ಲಿ ಸರ್ಕಾರಿ ಶಾಲೆ ಮಕ್ಕಳು ನೆಲದ ಮೇಲೆ ಕೂತು ಆಟ, ಚಟುವಟಿಕೆಯಲ್ಲೇ ಕಲೀತಾರೆ. ಲಕ್ಷಗಟ್ಟಲೆ ಫೀಸು ಕಟ್ಟೋ ನಮಗೆ ಸಿಗೋದು ವರ್ಕ್‌ಶೀಟು.

ಮಿಸ್‌ಗಳನ್ನ ಬೈದು ಪ್ರಯೋಜನ ಇಲ್ಲ, ನಲವತ್ತು ಮಕ್ಕಳು, ಪೋರ್ಷನ್ ಮುಗಿಸೋ ಧಾವಂತ. ಕೇಳ್ತಿರೋದು ದಿನಕ್ಕೆ ಹತ್ತೇ ನಿಮಿಷ. ಹತ್ತು ಹತ್ತಕ್ಕೆ ಬಣ್ಣ ಬದಲಾಗೋ ನೂರು ಮಣಿಗಳ ಸರ ಗೋಡೆಗೆ ಕಟ್ಟಿ, 98 ಎಲ್ಲಿದೆ, ನೂರಕ್ಕೆ ಎಷ್ಟು ದೂರ ಅಂತ ಕೇಳಿ. ಬೋರ್ಡ್ ಮೇಲೆ ಏಳು ಚುಕ್ಕಿ ಎರಡು ಸೆಕೆಂಡು ತೋರಿಸಿ ಅಳಿಸಿ. "ಎಷ್ಟಿತ್ತು?" ಆಮೇಲೆ ಮುಖ್ಯವಾದ ಪ್ರಶ್ನೆ, "ನಿನಗೆ ಹೇಗೆ ಕಾಣಿಸ್ತು?" ಒಬ್ಬಳು ನಾಲ್ಕೂ ಮೂರೂ ಅಂತಾಳೆ, ಇನ್ನೊಬ್ಬ ಐದೂ ಎರಡೂ ಅಂತಾನೆ. ಪೆನ್ಸಿಲ್ ಬೇಡ, ಮಾರ್ಕ್ಸ್ ಬೇಡ, ಮೊದಲು ಕೈ ಎತ್ತಿದವನಿಗೆ ಚಪ್ಪಾಳೆಯಂತೂ ಬೇಡವೇ ಬೇಡ.

ಸಂಜೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರ ಬರೆದು ಕೂತ್ವಿ. ಎರಡು ಆಟ ಆದ ಮೇಲೆ ಅವಳು ಮನೆಗಳನ್ನ ಎಣಿಸೋದೇ ಬಿಟ್ಟಳು. "ಚೌಕ ಬಿದ್ರೆ ಸಾಕು ಮಾಮ, ನಿನ್ನ ಕಾಯಿ ಔಟು" ಅಂದಳು. ಬಿತ್ತು, ಹೊಡೆದಳು.

ಹೊರಡೋ ಮುಂಚೆ ಡೈರಿಯಲ್ಲಿ ಕೆಂಪು ಇಂಕಿನ ಕೆಳಗೆ, "ಬೆರಳು ಎಣಿಸಲು ದಯವಿಟ್ಟು ಬಿಡಿ" ಅಂತ ಬರೆದು ಬಂದೆ. ಅಕ್ಕ ಫೋನ್ ಮಾಡಿ ಬೈದಿದ್ದಾಳೆ. ಮಿಸ್ ಇನ್ನೂ ಉತ್ತರ ಬರೆದಿಲ್ಲ.