ರಜೆ ಘೋಷಿಸಿದರೆ ಸಿದ್ಧತೆ ಮುಗಿಯಿತೇ?

ಬ್ರೂಕ್‌ಫೀಲ್ಡ್ ಕಡೆಯ ಒಂದು ಕಾಲೇಜಿನ ಕನ್ನಡ ಸಂಘದವರು ಕೆಲವು ವರ್ಷಗಳ ಹಿಂದೆ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ನಮ್ಮನ್ನು ಕರೆದಿದ್ದರು. ನವೆಂಬರ್ ತಿಂಗಳು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿದೆ ಎಂದು ಎರಡು ದಿನಗಳಿಂದ ವಾರ್ತೆಗಳಲ್ಲಿ ಹೇಳುತ್ತಲೇ ಇದ್ದರು. ವೇದಿಕೆಯ ಮೇಲೆ ಭುವನೇಶ್ವರಿಯ ಚಿತ್ರ, ಅರಿಶಿನ ಕುಂಕುಮ ಬಣ್ಣದ ಶಾಲು, ಕನ್ನಡ ಉಳಿಸಿ ಬೆಳೆಸಬೇಕೆಂಬ ಭಾಷಣಗಳು. ನಾವೂ ನಮ್ಮ ಪಾಲಿನ ನಾಲ್ಕು ಮಾತು ಆಡಿದೆವು. ಸಭೆ ಮುಗಿಯುವಷ್ಟರಲ್ಲಿ ಮಳೆ ಜಡಿಯತೊಡಗಿತು. ಮಧ್ಯಾಹ್ನದ ತರಗತಿಗಳು ರದ್ದಾಗಿವೆ ಎಂಬ ನೋಟಿಸನ್ನು ಬಾಗಿಲ ಬಳಿ ಅಂಟಿಸಿದ್ದರು. ಅದು ಇಂಗ್ಲಿಷಿನಲ್ಲಿತ್ತು. ವಾಹನ ತೆಗೆಯಲು ಬೇಸ್‌ಮೆಂಟಿಗೆ ಇಳಿದರೆ ಅಲ್ಲಿ ಪಾದ ಮುಳುಗುವಷ್ಟು ನೀರು. ನಾಲ್ವರು ಹೆಂಗಸರು ಬಕೆಟ್ಟು ಹಿಡಿದು ಆ ನೀರನ್ನು ಎತ್ತಿ ಹೊರಗೆ ಸುರಿಯುತ್ತಿದ್ದರು. ಅವರಿಂದ ಹತ್ತು ಹೆಜ್ಜೆ ಆಚೆಗೆ, ಕಟ್ಟಡಕ್ಕೆಲ್ಲ ಕರೆಂಟು ಹಂಚುವ ಪ್ಯಾನೆಲ್ ಬೋರ್ಡು ಗುಂಯ್ ಎನ್ನುತ್ತಿತ್ತು.

‘ರಜೆ ಕೊಟ್ಟಿದ್ದಾರಲ್ಲಮ್ಮ, ನೀವು ಹೋಗಲಿಲ್ಲವೇ?’ ಎಂದು ಕೇಳಿದೆವು.

‘ರಜಾ ಓದೋ ಮಕ್ಕಳಿಗ್ರೀ. ಮಳಿ ಬಂದ್ರ ನಮಗ ಡಬ್ಬಲ್ ಕೆಲಸ’ ಎಂದು ರಾಯಚೂರಿನ ಕಡೆಯ ಹೆಣ್ಣುಮಗಳೊಬ್ಬಳು ನಕ್ಕು, ಮತ್ತೆ ಬಕೆಟ್ಟು ಮುಳುಗಿಸಿದಳು.

ಅಂದು ನಾವೂ ನಕ್ಕು ಹೊರಟುಬಿಟ್ಟೆವು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಏಕೆಂದರೆ 2025ರ ಮೇ ತಿಂಗಳ 18ರ ರಾತ್ರಿ ಬೆಂಗಳೂರಿನಲ್ಲಿ ನೂರು ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. 19ರ ಬೆಳಿಗ್ಗೆ ಇದೇ ಮಹದೇವಪುರ ಭಾಗದಲ್ಲಿ ಒಂದು ಕಂಪನಿಯ ಕಾಂಪೌಂಡ್ ಗೋಡೆ ಕುಸಿದು ಹೌಸ್‌ಕೀಪಿಂಗ್ ಕೆಲಸದ ಮಹಿಳೆಯೊಬ್ಬಳು ಸತ್ತಳು. ಅದೇ ದಿನ ಸಂಜೆ ಬಿಟಿಎಂ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತ ನೀರನ್ನು ಹೊರಹಾಕಲು ಹೋಗಿ ಕರೆಂಟು ತಗುಲಿ ಇಬ್ಬರು ಸತ್ತರು. ಒಬ್ಬರು ಅಲ್ಲಿನ ನಿವಾಸಿ, 63 ವರ್ಷದವರು. ಇನ್ನೊಬ್ಬ ಅಲ್ಲಿ ಕೆಲಸಕ್ಕಿದ್ದವರ ಮಗ, 12 ವರ್ಷದ ಹುಡುಗ. ಅಂದರೆ ನಾವು ಕಂಡು ನಕ್ಕುಬಂದ ಆ ಬೇಸ್‌ಮೆಂಟಿನಲ್ಲಿ ನಿಂತಿದ್ದದ್ದು ಬರೀ ನೀರಲ್ಲ.

ನಾವು ಹೇಳಬೇಕೆಂದಿರುವುದು ಇಷ್ಟೇ. ಮಳೆಗಾಲಕ್ಕೆ ನಮ್ಮ ಕಾಲೇಜುಗಳು ಮಾಡಿಕೊಳ್ಳುವ ಸಿದ್ಧತೆ ಎಂಬುದು ರಜೆಯ ಒಂದು ನೋಟಿಸು ಮಾತ್ರ. ರಜೆ ಸಿದ್ಧತೆಯಲ್ಲ. ಅಪಾಯವನ್ನು ಗೇಟಿನಿಂದಾಚೆಗೆ ದಬ್ಬಿ ಕೈತೊಳೆದುಕೊಳ್ಳುವ ಉಪಾಯ ಅದು.

‘ಬೆಂಗಳೂರಿಗೂ ಚಂಡಮಾರುತಕ್ಕೂ ಏನು ಸಂಬಂಧ?’ ಎಂದು ಕೇಳುವವರಿದ್ದಾರೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಕುಳಿತ ಊರಿಗೆ ಅಲೆ ಬಂದು ಬಡಿಯುವುದಿಲ್ಲ, ನಿಜ. ಆದರೆ ಬಂಗಾಳ ಕೊಲ್ಲಿಯಲ್ಲಿ ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುನ್ನ ಮತ್ತು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಚಂಡಮಾರುತಗಳು ಏಳುತ್ತವೆ. 2024ರ ನವೆಂಬರ್ ಕೊನೆಗೆ ‘ಫೆಂಗಲ್’ ಪುದುಚೇರಿಯ ಬಳಿ ದಡ ಸೇರಿದರೆ, ಕೋಲಾರ ಚಿಕ್ಕಬಳ್ಳಾಪುರದಿಂದ ಹಿಡಿದು ಮಂಗಳೂರು ಉಡುಪಿಯವರೆಗೆ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಗಾಳಿ ಅಲ್ಲಿ ಇಳಿದರೂ ಮಳೆ ಇಲ್ಲಿ ಸುರಿಯುತ್ತದೆ. ಇನ್ನು ಏಪ್ರಿಲ್ ಮೇ ತಿಂಗಳಲ್ಲಿ ಸಿಡಿಲು, ಆಲಿಕಲ್ಲು, ಮರ ಉರುಳಿಸುವ ಬಿರುಗಾಳಿ ಬೆಂಗಳೂರಿನವರಿಗೆ ಹೊಸದೇನಲ್ಲ. ಆದ್ದರಿಂದ ನಮ್ಮದು ಎರಡು ಕಂತಿನ ಮಳೆಗಾಲ. ಎರಡಕ್ಕೂ ತಾರೀಖು ಗೊತ್ತಿದೆ. ಸೆಮಿಸ್ಟರಿನ ಪರೀಕ್ಷೆಗೆ ವೇಳಾಪಟ್ಟಿ ಹಾಕುವವರಿಗೆ ಇದಕ್ಕೊಂದು ವೇಳಾಪಟ್ಟಿ ಹಾಕಲು ಬಾರದೇ?

ಬ್ರೂಕ್‌ಫೀಲ್ಡ್ ಎಂಬ ಹೆಸರನ್ನೇ ನೋಡಿ. ಕನ್ನಡದಲ್ಲಿ ಹೇಳುವುದಾದರೆ ತೊರೆಯ ಬಯಲು. ಕುಂದಲಹಳ್ಳಿಯ ಪಕ್ಕದಲ್ಲಿ ಬಡಾವಣೆ ಎಬ್ಬಿಸಿ ಈ ಹೆಸರಿಟ್ಟವರು ತೊರೆಯನ್ನೂ ಬಯಲನ್ನೂ ಉಳಿಸಲಿಲ್ಲ. ಈ ಸೀಮೆಯ ನೀರು ವರ್ತೂರು ಕೆರೆಯತ್ತ ಇಳಿದು, ಅಲ್ಲಿಂದ ದಕ್ಷಿಣ ಪಿನಾಕಿನಿ ಸೇರಬೇಕು. ಇಳಿಯುವ ದಾರಿಯಲ್ಲಿ ಟೆಕ್ ಪಾರ್ಕು, ಮಾಲು, ಅಪಾರ್ಟ್‌ಮೆಂಟು, ಕಾಲೇಜು ಎಲ್ಲವೂ ಕುಳಿತಿವೆ. ಬೆಂಗಳೂರಿನ ರಾಜಕಾಲುವೆಗಳನ್ನು ಪರಿಶೀಲಿಸಿದ ಮಹಾಲೇಖಪಾಲರ ವರದಿ 2021ರಲ್ಲಿ ಸದನದ ಮುಂದೆ ಬಂತು. ಹಳೆಯ ನಕ್ಷೆಗಳಲ್ಲಿದ್ದ ಕಾಲುವೆಗಳ ಉದ್ದ ಸರಿಸುಮಾರು ಅರ್ಧಕ್ಕೆ ಇಳಿದಿದೆ ಎಂದು ಅದು ಹೇಳಿತು. ಮರುವರ್ಷವೇ, 2022ರ ಸೆಪ್ಟೆಂಬರ್ 4ರ ರಾತ್ರಿ, 131.6 ಮಿಲಿಮೀಟರ್ ಮಳೆಯಾಗಿ ಐಟಿ ಪಟ್ಟಿಯೆಲ್ಲ ಕೆರೆಯಾಯಿತು. ಇಂಜಿನಿಯರುಗಳು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದ ಚಿತ್ರಗಳನ್ನು ಲೋಕವೆಲ್ಲ ನೋಡಿ ನಕ್ಕಿತು. ಆದರೆ 5ರ ರಾತ್ರಿ ವೈಟ್‌ಫೀಲ್ಡ್ ಸಮೀಪದ ಸಿದ್ದಾಪುರದಲ್ಲಿ, ಕೆಲಸ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಹೊರಟಿದ್ದ 23 ವರ್ಷದ ಯುವತಿಯೊಬ್ಬಳು ನೀರು ತುಂಬಿದ ರಸ್ತೆಯಲ್ಲಿ ಜಾರಿ, ಆಸರೆಗೆಂದು ವಿದ್ಯುತ್ ಕಂಬ ಹಿಡಿದು ಸತ್ತಳು. ಟ್ರ್ಯಾಕ್ಟರ್ ನೆನಪಿದ್ದಷ್ಟು ಅವಳು ನೆನಪಿಲ್ಲ.

ಅವಳನ್ನು ಇಲ್ಲಿ ನೆನೆಯಲು ಕಾರಣವಿದೆ. ಮಳೆಯ ದಿನ ಬೆಂಗಳೂರಿನಲ್ಲಿ ಹೆಚ್ಚು ಅಪಾಯದ ಜಾಗ ರಸ್ತೆ. ಮಧ್ಯಾಹ್ನ ಮಳೆ ಜೋರಾದ ಕೂಡಲೇ ‘ಎಲ್ಲರೂ ಮನೆಗೆ ಹೋಗಿ’ ಎಂದು ಎರಡು ಮೂರು ಸಾವಿರ ಮಕ್ಕಳನ್ನು ಒಂದೇ ಗಳಿಗೆಯಲ್ಲಿ ಐಟಿಪಿಎಲ್ ರಸ್ತೆಗೆ ಬಿಡುವುದು ಸಿದ್ಧತೆಯೇ? ಕಟ್ಟಡದೊಳಗೆ ಮೂರನೆಯ ಮಹಡಿಯಲ್ಲಿ ಸುರಕ್ಷಿತವಾಗಿದ್ದವರನ್ನು ಮ್ಯಾನ್‌ಹೋಲ್ ಕಾಣದ, ಕಂಬ ಮುಟ್ಟಬಾರದ ರಸ್ತೆಗೆ ಇಳಿಸಿ, ನಾವು ಜವಾಬ್ದಾರರಲ್ಲ ಎನ್ನುವುದು ಯಾವ ನ್ಯಾಯ? ರಜೆ ಕೊಡುವುದಾದರೆ ಹಿಂದಿನ ಸಂಜೆಯೇ ಕೊಡಬೇಕು. ಮಳೆ ಶುರುವಾದ ಮೇಲೆ ಬಾಗಿಲು ತೆರೆದಿಟ್ಟು, ಒಳಗಿದ್ದವರನ್ನು ಮಳೆ ನಿಲ್ಲುವವರೆಗೆ ಒಳಗೇ ಇರಿಸಿಕೊಂಡು, ಒಂದು ಲೋಟ ಚಹಾ ಕೊಡುವುದು ಧರ್ಮ.

ಸರ್ಕಾರವೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2024ರ ಅಕ್ಟೋಬರ್ 21ರಂದು ಬೆಂಗಳೂರು ನಗರ ಜಿಲ್ಲಾಡಳಿತ ಅಂಗನವಾಡಿಗಳಿಗೂ ಶಾಲೆಗಳಿಗೂ ರಜೆ ಘೋಷಿಸಿತು. ಪದವಿ, ಡಿಪ್ಲೊಮಾ, ಇಂಜಿನಿಯರಿಂಗ್ ಕಾಲೇಜುಗಳಿಗೆ ರಜೆ ಇರಲಿಲ್ಲ, ಮುನ್ನೆಚ್ಚರಿಕೆ ವಹಿಸಿ ಎಂಬ ಸಲಹೆಯಷ್ಟೇ. ಹದಿನೆಂಟು ತುಂಬಿದವರನ್ನು ನೀರು ಬಿಟ್ಟುಬಿಡುತ್ತದೆಯೇ? ಇತ್ತ ವಿಟಿಯು ನಿಯಮದಂತೆ ಶೇಕಡಾ 85 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಮಾರತ್ತಹಳ್ಳಿಯ ಪಿಜಿಯಲ್ಲಿರುವ ಬೀದರಿನ ಹುಡುಗ ಮೊಣಕಾಲು ನೀರಿನಲ್ಲಿ ಶೂ ಕೈಯಲ್ಲಿ ಹಿಡಿದು ಕಾಲೇಜಿಗೆ ಬರುವುದು ವಿದ್ಯೆಯ ದಾಹಕ್ಕಲ್ಲ, ಆ ಹಾಜರಿಯ ಭಯಕ್ಕೆ. ಭಾರಿ ಮಳೆಯ ಎಚ್ಚರಿಕೆ ಇರುವ ದಿನ ಗೈರುಹಾಜರಿ ಲೆಕ್ಕಕ್ಕಿಲ್ಲ ಎಂಬ ಒಂದು ಸಾಲಿನ ಆದೇಶಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಅದನ್ನೂ ಮಾಡದವರು ಕೋಟಿಗಟ್ಟಲೆ ಖರ್ಚಿನ ‘ವಿಪತ್ತು ನಿರ್ವಹಣೆ’ಯ ವಿಚಾರ ಸಂಕಿರಣ ನಡೆಸುತ್ತಾರೆ.

ಹಾಗಾದರೆ ಸಿದ್ಧತೆ ಎಂದರೇನು? ಅದು ದೊಡ್ಡ ವಿದ್ಯೆಯೇನಲ್ಲ. ಏಪ್ರಿಲ್ ಬರುವ ಮುನ್ನ ತಾರಸಿಯ ನೀರುಕೊಳವೆ, ಅಂಗಳದ ಚರಂಡಿಗಳ ಹೂಳು ತೆಗೆಸುವುದು. ಒಣಗಿದ ಕೊಂಬೆ ಕಡಿಸುವುದು. ಸಡಿಲಗೊಂಡ ತಗಡು, ಫ್ಲೆಕ್ಸ್ ಬೋರ್ಡು, ತಾರಸಿಯ ಸೋಲಾರ್ ಫಲಕಗಳನ್ನು ಬಿಗಿ ಮಾಡಿಸುವುದು. ಸಿಡಿಲು ವಾಹಕಕ್ಕೆ ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸುವುದು. ಪ್ರಯೋಗಾಲಯದ ಕೆಳಗಿನ ಕಪಾಟಿನ ರಾಸಾಯನಿಕಗಳನ್ನು ಮೇಲಿಡುವುದು. ಕಾಂಪೌಂಡ್ ಗೋಡೆಯ ಬುಡದಲ್ಲಿ ನೀರು ಹೊರಹೋಗುವ ತೂತುಗಳಿವೆಯೇ ಎಂದು ಬಗ್ಗಿ ನೋಡುವುದು. ತೂತಿಲ್ಲದ ಗೋಡೆಯ ಹಿಂದೆ ನೀರು ತುಂಬಿ, ಮಣ್ಣು ನೆನೆದು, ಇಡೀ ಭಾರ ಗೋಡೆಯ ಮೇಲೆ ಬೀಳುತ್ತದೆ. ಆ ಗೋಡೆಯ ಪಕ್ಕದಲ್ಲಿ ಬೆಳಗಿನ ಆರೂವರೆಗೆ ಪೊರಕೆ ಹಿಡಿದು ನಿಂತಿರುವವಳು ಯಾರೆಂಬುದು ನಮಗೆ ಗೊತ್ತಿದೆ.

ಎಲ್ಲಕ್ಕಿಂತ ಮೊದಲು ಬೇಸ್‌ಮೆಂಟಿನ ಕರೆಂಟು. ಪ್ಯಾನೆಲ್ ಬೋರ್ಡನ್ನೂ ಜನರೇಟರನ್ನೂ ಮೇಲಿನ ಅಂತಸ್ತಿಗೆ ಏರಿಸಬೇಕು. ಅದು ಆಗುವವರೆಗೆ ಒಂದೇ ನಿಯಮ. ನೀರು ನಿಂತ ಬೇಸ್‌ಮೆಂಟಿಗೆ ಕರೆಂಟು ಕಡಿಯದೆ ಯಾರೂ ಇಳಿಯಕೂಡದು, ಯಾರನ್ನೂ ಇಳಿಸಕೂಡದು. ಇದನ್ನು ಗೋಡೆಯ ಮೇಲೆ ಬರೆಸಿ. ಕನ್ನಡದಲ್ಲಿ ಬರೆಸಿ, ಉರ್ದುವಿನಲ್ಲಿ, ಹಿಂದಿಯಲ್ಲಿ, ಬಂಗಾಳಿಯಲ್ಲಿ ಬರೆಸಿ. ಓದಲು ಬಾರದವರಿಗೆ ಬಾಯಲ್ಲಿ ಹೇಳಿಸಿ. ರಾಯಚೂರಿನ ಹೆಂಗಸಿಗೆ, ಅಸ್ಸಾಮಿನ ಸೆಕ್ಯುರಿಟಿ ಗಾರ್ಡಿಗೆ ಇಂಗ್ಲಿಷ್ ನೋಟಿಸು ಅಂಟಿಸಿ ‘ತಿಳಿಸಿದ್ದೆವು’ ಎನ್ನುವುದು ಮೋಸ. ರಾಜ್ಯೋತ್ಸವದ ವೇದಿಕೆಯ ಮೇಲೆ ಉಳಿಯುವ ಕನ್ನಡಕ್ಕಿಂತ, ಪ್ಯಾನೆಲ್ ಬೋರ್ಡಿನ ಪಕ್ಕದಲ್ಲಿ ಒಂದು ಜೀವ ಉಳಿಸುವ ಕನ್ನಡ ದೊಡ್ಡದು.

ಇಷ್ಟು ಹೇಳಿದರೆ ‘ಇದೆಲ್ಲ ಪಾಲಿಕೆಯ ಕೆಲಸ’ ಎಂಬ ಉತ್ತರ ಬರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಐದು ಪಾಲಿಕೆಗಳಾದವು, ಬ್ರೂಕ್‌ಫೀಲ್ಡ್ ಪೂರ್ವ ನಗರ ಪಾಲಿಕೆಗೆ ಸೇರಿತು. ರಾಜಕಾಲುವೆ ಖಂಡಿತ ಅವರ ಕೆಲಸ, ಅವರನ್ನು ಹಿಡಿದು ಕೇಳಲೇಬೇಕು. ಆದರೆ ಎಕರೆಗಟ್ಟಲೆ ಅಂಗಳಕ್ಕೆ ಕಾಂಕ್ರೀಟು ಸುರಿದು, ಒಂದು ಹನಿ ನೆಲಕ್ಕೆ ಇಂಗದಂತೆ ಮಾಡಿ, ಎಲ್ಲ ನೀರನ್ನೂ ಕೆಳಗಿನ ಬೀದಿಗೆ ಬಿಟ್ಟದ್ದು ಪಾಲಿಕೆಯೇ? ಮಳೆನೀರು ಕೊಯ್ಲು ಬೆಂಗಳೂರಿನಲ್ಲಿ 2009ರಿಂದ ಕಾನೂನು. ಎಷ್ಟು ಕಾಲೇಜುಗಳ ಇಂಗುಗುಂಡಿಗಳು ಕಾಗದದಿಂದ ಇಳಿದು ನೆಲಕ್ಕೆ ಬಂದಿವೆ ಎಂದು ಆಯಾ ಕಾಲೇಜಿನ ಸಿವಿಲ್ ವಿಭಾಗದ ಮಕ್ಕಳೇ ಅಳೆದು ನೋಡಲಿ. ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟು ಯಾವುದಿದೆ?

ಈಗ ಮುಖ್ಯ ಮಾತಿಗೆ ಬರುತ್ತೇವೆ. ಕಾಲೇಜಿನ ಗೇಟಿನ ಕೆಳಗೆ ಯಾರಿದ್ದಾರೆ? ಮುನ್ನೆಕೊಳ್ಳಾಲ, ತೂಬರಹಳ್ಳಿ, ಕುಂದಲಹಳ್ಳಿಯ ತಗ್ಗುಗಳಲ್ಲಿ ನೀಲಿ ಟಾರ್ಪಾಲಿನ ಶೆಡ್ಡುಗಳಿವೆ. ಉತ್ತರ ಕರ್ನಾಟಕದ ಕಟ್ಟಡ ಕೂಲಿಗಳು, ಬಂಗಾಳ ಅಸ್ಸಾಮಿನಿಂದ ಬಂದು ಕಸ ಆರಿಸುವವರು, ಮನೆಗೆಲಸದ ಹೆಂಗಸರು. ಹಲವರು ಮುಸಲ್ಮಾನರು. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಇಂಥದೇ ಶೆಡ್ಡುಗಳನ್ನು ‘ಬಾಂಗ್ಲಾದೇಶಿಗಳು’ ಎಂದು ಹೇಳಿ ಕೆಡವಿದರು. ಹೈಕೋರ್ಟು ತಡೆಯಬೇಕಾಯಿತು. ಆ ಗುಡಿಸಲುಗಳಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಬಡವನ ಗುರುತು ಕೇಳುವವರು ಬಿಸಿಲಲ್ಲಿ ಬರುತ್ತಾರೆ, ಮಳೆಯಲ್ಲಿ ಯಾರೂ ಬರುವುದಿಲ್ಲ. ಶೆಡ್ಡಿಗೆ ನೀರು ನುಗ್ಗಿದ ರಾತ್ರಿ ಆ ತಾಯಂದಿರು ಮಕ್ಕಳನ್ನೆತ್ತಿಕೊಂಡು ಮೆಟ್ರೋ ಕಂಬದ ಕೆಳಗೆ ನಿಲ್ಲುತ್ತಾರೆ. ಎದುರಿಗೇ ಎತ್ತರದಲ್ಲಿ ಕಾಲೇಜು. ಜನರೇಟರು ಇದೆ, ಸಂಪಿನಲ್ಲಿ ನೀರಿದೆ, ಶೌಚಾಲಯಗಳಿವೆ, ಕ್ಯಾಂಟೀನಿನ ಒಲೆಯಿದೆ, ಸಾವಿರ ಜನ ಕೂರುವ ಸಭಾಂಗಣವಿದೆ. ಗೇಟಿಗೆ ಬೀಗ. ಏಕೆಂದರೆ ಅಂದು ರಜೆ!

ಒಡಿಶಾ ಹೀಗೆ ಯೋಚಿಸಲಿಲ್ಲ. 1999ರ ಅಕ್ಟೋಬರಿನ ಸೂಪರ್ ಸೈಕ್ಲೋನಿನಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಆಮೇಲೆ ಕರಾವಳಿಯುದ್ದಕ್ಕೂ ಚಂಡಮಾರುತ ಆಶ್ರಯ ಕಟ್ಟಡಗಳನ್ನು ಕಟ್ಟಿದರು. ಅವುಗಳಲ್ಲಿ ಎಷ್ಟೋ ಉಳಿದ ದಿನಗಳಲ್ಲಿ ಶಾಲೆಗಳು. 2013ರಲ್ಲಿ ‘ಫೈಲಿನ್’ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಒಳಗೆ ಸೇರಿಸಿದರು. ಸತ್ತವರ ಸಂಖ್ಯೆ ಹತ್ತುಗಳ ಲೆಕ್ಕದಲ್ಲಿ ನಿಂತಿತು. ಅಲ್ಲಿ ಅಪಾಯ ಬಂದಾಗ ಶಾಲೆ ತೆರೆಯುತ್ತದೆ, ಇಲ್ಲಿ ಮುಚ್ಚುತ್ತದೆ. ಶ್ರೀಮಂತ ಅಮೆರಿಕದ ಪಾಠವೂ ಕಣ್ಣ ಮುಂದಿದೆ. 2005ರ ಆಗಸ್ಟಿನಲ್ಲಿ ಕತ್ರಿನಾ ಬರುವ ಮೊದಲೇ ನ್ಯೂ ಆರ್ಲಿಯನ್ಸಿನ ಟುಲೇನ್ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳನ್ನು ಊರಿನಿಂದ ಸಾಗಿಸಿತು. ಆ ಸೆಮಿಸ್ಟರ್ ಪೂರ್ತಿ ಬಾಗಿಲು ಮುಚ್ಚಿತು, ಬೇರೆ ವಿಶ್ವವಿದ್ಯಾಲಯಗಳು ಆ ಮಕ್ಕಳಿಗೆ ಜಾಗ ಕೊಟ್ಟವು. ಒಳ್ಳೆಯದೇ ಆಯಿತು. ಆದರೆ ಅದೇ ಊರಿನಲ್ಲಿ ಕಾರಿಲ್ಲದ ಬಡವರು, ಬಹುಪಾಲು ಕರಿಯರು, ನೀರಿನ ನಡುವೆ ಉಳಿದರು. ತನ್ನವರನ್ನಷ್ಟೇ ಉಳಿಸಿಕೊಳ್ಳುವ ಸಿದ್ಧತೆ ಅರ್ಧ ಸಿದ್ಧತೆ.

‘ಹೊರಗಿನವರನ್ನು ಒಳಬಿಟ್ಟರೆ ಭದ್ರತೆ ಏನಾದೀತು?’ ಎನ್ನುತ್ತಾರೆ. ಚುನಾವಣೆಗೆ ಇದೇ ಕಟ್ಟಡಗಳನ್ನು ಮತಗಟ್ಟೆಗೆ ಕೊಡುವುದಿಲ್ಲವೇ? ಅಂದು ಶೆಡ್ಡಿನವನೂ ಸಿಇಒನೂ ಒಂದೇ ಸಾಲಿನಲ್ಲಿ ನಿಂತು ಒಳಬರುತ್ತಾರೆ. ಬೆಂಚು ಯಾರೂ ಹೊತ್ತೊಯ್ದಿಲ್ಲ. ಮತ ಹಾಕಲು ತೆರೆಯುವ ಗೇಟು ಮಗುವನ್ನು ಒಣಗಿಸಲು ತೆರೆಯದೇ?

ಮಾತು ಬಂದಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ನಮ್ಮ ಸಮುದಾಯದವರು ನಡೆಸುವ ಕಾಲೇಜುಗಳು, ಮದ್ರಸಾಗಳು, ಶಾದಿಮಹಲುಗಳು ಇದಕ್ಕೆ ಹೊರತಲ್ಲ. ಪ್ರವಾಹ ಬಂದ ಮೇಲೆ ಅಕ್ಕಿ ಮೂಟೆ, ಕಂಬಳಿ ಹೊತ್ತು ಓಡುವುದರಲ್ಲಿ ನಮ್ಮ ಹುಡುಗರು ಯಾರಿಗೂ ಕಡಿಮೆಯಿಲ್ಲ, ಅವರಿಗೆ ಸಲಾಂ. ಆದರೆ ಬರುವ ಮೊದಲು? ವುಜೂಖಾನೆಯ ಪಕ್ಕದ ಕರೆಂಟಿನ ತಂತಿ ನೋಡಿದವರು ಯಾರು? ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ, ಒಂಟೆಯನ್ನು ಕಟ್ಟಿಹಾಕಿದ ಮೇಲಿನ ಭರವಸೆ ಅದು. ನೂಹ್ ಪೈಗಂಬರರು ಹಡಗು ಕಟ್ಟಿದ್ದು ಒಣನೆಲದ ಮೇಲೆ, ಜನ ನಗುತ್ತಿದ್ದಾಗ. ಇನ್ನು ಬಾಗಿಲು ತೆರೆಯುವುದರ ಪಾಠ ಬೇಕಿದ್ದರೆ ಕೇರಳವನ್ನು ನೋಡಿ. 2018ರ ಮಹಾಪ್ರವಾಹದಲ್ಲಿ ತ್ರಿಶೂರು ಜಿಲ್ಲೆಯ ಮಾಳ ಸಮೀಪ ಮಸೀದಿ ನೀರಿನಲ್ಲಿ ಮುಳುಗಿದಾಗ, ಬಕ್ರೀದ್ ನಮಾಜಿಗೆ ಸಭಾಂಗಣ ತೆರೆದುಕೊಟ್ಟದ್ದು ಒಂದು ದೇವಸ್ಥಾನ. ದೇವಸ್ಥಾನಕ್ಕೆ ಆದದ್ದು ಶುಲ್ಕ ತೆಗೆದುಕೊಳ್ಳುವ ಕಾಲೇಜಿಗೆ ಆಗದೇ?

ಆಡಳಿತ ಮಂಡಳಿಗಳಿಗೆ ನಮ್ಮ ಬೇಡಿಕೆ ಇಷ್ಟು. ಮಾರ್ಚ್ ಮುಗಿಯುವುದರೊಳಗೆ ಒಂದು ಸಭೆ ಕರೆಯಿರಿ. ಪ್ರಾಂಶುಪಾಲರ ಪಕ್ಕದ ಕುರ್ಚಿಯಲ್ಲಿ ಎಲೆಕ್ಟ್ರಿಶಿಯನ್ನು, ಬಸ್ ಡ್ರೈವರು, ವಾಚ್‌ಮನ್ನು, ಕಸ ಗುಡಿಸುವವಳು ಕೂರಲಿ. ನೀರು ಮೊದಲು ಎಲ್ಲಿಂದ ನುಗ್ಗುತ್ತದೆ ಎಂಬುದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಮಳೆಯ ದಿನದ ರಜೆ ಅವರಿಗೂ ಇರಲಿ, ಸಂಬಳ ಕಡಿಯದೆ. ಉಳಿಯಲೇಬೇಕಾದವರಿಗೆ ಬೂಟು, ಟಾರ್ಚು, ಮಲಗಲು ಮೇಲಂತಸ್ತಿನಲ್ಲಿ ಒಂದು ಕೋಣೆ ಇರಲಿ. ಕೊನೆಯದಾಗಿ, ರಾತ್ರಿ ಎರಡು ಗಂಟೆಗೆ ಕೆಳಗಿನ ಬಸ್ತಿಗೆ ನೀರು ನುಗ್ಗಿದರೆ ಸಭಾಂಗಣದ ಬಾಗಿಲು ತೆರೆಯುವ ಅಧಿಕಾರ ಯಾರಿಗೆ ಎಂಬುದನ್ನು ಆ ಸಭೆಯಲ್ಲೇ ತೀರ್ಮಾನಿಸಿ, ಅವರ ಹೆಸರನ್ನೂ ಫೋನ್ ನಂಬರನ್ನೂ ಗೇಟಿನ ಮೇಲೆ ಬರೆಸಿ. ಬೀಗದ ಕೈ ವಾಚ್‌ಮನ್ ಬಳಿ ಇರಲಿ. ಟ್ರಸ್ಟಿಗಳು ಊರಿಗೆ ಮರಳುವವರೆಗೆ ನೀರು ಕಾಯುವುದಿಲ್ಲ.