ರಸಬಾಳೆಯ ಕಂದು

ನಮ್ಮ ತಲೆಮಾರಿನ ಹಲವರು ಪ್ರಾಥಮಿಕ ಶಾಲೆಯಲ್ಲಿ ಹಣ್ಣು ಮಾರುವವನ ಪದ್ಯವನ್ನು ರಾಗವಾಗಿ ಹಾಡಿ ಬಾಯಿಪಾಠ ಮಾಡಿದವರು. ಅದರಲ್ಲಿ ಹಣ್ಣಿನ ಬೆನ್ನಿಗೆ ಊರೂ ಬರುತ್ತಿತ್ತು. ಬಾಳೆಯೆಂದರೆ ನಂಜನಗೂಡಿನದು, ಕಿತ್ತಳೆಯೆಂದರೆ ಕೊಡಗಿನದು. ಭೂಪಟ ಬಿಡಿಸುವುದಕ್ಕೆ ಮೊದಲೇ ನಾವು ನಾಡನ್ನು ನಾಲಿಗೆಯಿಂದ ಗುರುತು ಹಿಡಿದಿದ್ದೆವು.

ಆ ಗುರುತಿಗೆ ಕಾನೂನಿನ ಬಲ ಬಂದದ್ದು ತಡವಾಗಿ. ಭೌಗೋಳಿಕ ಸೂಚಿಕೆಯ, ಅಂದರೆ ಜಿಐ ಟ್ಯಾಗಿನ, ಕಾಯ್ದೆ 1999ರಲ್ಲಿ ಆಯಿತು, ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ಮೊದಲ ಹೆಸರು ಡಾರ್ಜಿಲಿಂಗ್ ಚಹಾದ್ದು. ಅದಾಗಿ ಹೆಚ್ಚು ಕಾಲ ಕಳೆಯುವ ಮುನ್ನವೇ ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ, ಕೊಡಗಿನ ಕಿತ್ತಳೆ ಪಟ್ಟಿ ಸೇರಿದವು. ಆಮೇಲೆ ಬ್ಯಾಡಗಿ ಮೆಣಸಿನಕಾಯಿ, ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಶಿರಸಿ ಅಡಿಕೆ. ಪ್ರತಿ ಸಲ ಸುದ್ದಿ ಬಂದಾಗಲೂ ನಮಗೆ ಹೆಮ್ಮೆಯಾಗಿದೆ, ಆಗಬೇಕಾದದ್ದೇ. ಒಂದು ಊರಿನವರು ಕಾಪಾಡಿಕೊಂಡು ಬಂದ ಹೆಸರನ್ನು ಇನ್ನಾರೋ ಚೀಲದ ಮೇಲೆ ಅಚ್ಚು ಹಾಕಿಸಿ ಮಾರುವುದು ಕಳ್ಳತನವೆಂದು ಒಪ್ಪಿದ ಕಾಯ್ದೆ ಅದು.

ಆದರೆ ರಸಬಾಳೆಯ ಕತೆ ಬೇರೆಯೇ ದಾರಿ ಹಿಡಿದಿದೆ. ಕಪಿಲೆಯ ಸೀಮೆಯ, ದೇವರಸನಹಳ್ಳಿಯ ಸುತ್ತಿನ ಮಣ್ಣಿನಲ್ಲಿ ಹೆಸರು ಮಾಡಿದ ಈ ಬಾಳೆಯನ್ನು ಕೆಡಿಸಿದ್ದು ನಕಲಿ ವ್ಯಾಪಾರಿಯಲ್ಲ, ಮಣ್ಣಿನೊಳಗಿನ ಒಂದು ಶಿಲೀಂಧ್ರ. ಪನಾಮ ಸೊರಗು ರೋಗವೆನ್ನುತ್ತಾರೆ. ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ, ಜೋತು ಬೀಳುತ್ತದೆ, ದಿಂಡು ಸೀಳುತ್ತದೆ. ಮೇಲೆ ಸಿಂಪಡಿಸಿ ವಾಸಿ ಮಾಡುವ ಔಷಧಿಯಿಲ್ಲ. ಗಿಡ ಕಿತ್ತು ಸುಟ್ಟರೂ ಆ ಶಿಲೀಂಧ್ರ ದಶಕಗಳವರೆಗೆ ಮಣ್ಣಿನಲ್ಲಿ ಕಾದು ಕೂತಿರುತ್ತದೆ. ಬಾಳೆಗೆ ಬೀಜದ ಬಿತ್ತನೆಯಿಲ್ಲ, ತಾಯಿಗಿಡದ ಬುಡದಿಂದ ಕಂದು ಕಿತ್ತು ನೆಡಬೇಕು. ಹಾಗಾಗಿ ನಂಟರಿಗೆ ಪ್ರೀತಿಯಿಂದ ಕೊಟ್ಟ ಕಂದಿನ ಜೊತೆ ರೋಗವೂ ಹೊಸ ತೋಟ ಸೇರಿತು. ಇದೇ ರೋಗ ಕಳೆದ ಶತಮಾನದ ನಡುಭಾಗದ ಹೊತ್ತಿಗೆ ಮಧ್ಯ ಅಮೆರಿಕದ ಗ್ರೋ ಮಿಶೆಲ್ ಬಾಳೆಯನ್ನು ಜಗತ್ತಿನ ಮಾರುಕಟ್ಟೆಯಿಂದಲೇ ಹೊರದಬ್ಬಿತ್ತು. ಅಲ್ಲಿನ ದೊಡ್ಡ ಕಂಪನಿಗಳು ಕ್ಯಾವೆಂಡಿಶ್ ತಳಿಗೆ ಬದಲಾಯಿಸಿ ವ್ಯಾಪಾರ ಮುಂದುವರಿಸಿದವು. ನಮ್ಮ ರೈತನೂ ಏಲಕ್ಕಿ ಬಾಳೆಗೋ ಪಚ್ಚಬಾಳೆಗೋ ಹೊರಳಿದರೆ ತಪ್ಪೆನ್ನಲಾಗದು, ಅವನ ಮನೆ ನಡೆಯಬೇಕು. ಹಾಗೆ ಹೊರಳಿದ ಒಂದೊಂದು ತೋಟದಲ್ಲೂ ರಸಬಾಳೆ ಒಂದೊಂದು ಬುಡ ಕಳೆದುಕೊಂಡಿತು.

ಇಷ್ಟಾದರೂ ನೋಂದಣಿ ಪುಸ್ತಕದಲ್ಲಿ ಹೆಸರು ಭದ್ರವಾಗಿದೆ. ಅರ್ಜಿ ಹಾಕಿದ್ದು ರಾಜ್ಯದ ತೋಟಗಾರಿಕೆ ಇಲಾಖೆ. ಹತ್ತು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸಿದರೆ ನೋಂದಣಿ ಮುಂದುವರಿಯುತ್ತದೆ. ಆ ವರ್ಷ ಎಷ್ಟು ಗೊನೆ ಕಡಿದರು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬೆಳೆಗಾರನಾದರೋ ಅಧಿಕೃತ ಬಳಕೆದಾರನೆಂದು ಬೇರೆಯಾಗಿ ಹೆಸರು ಬರೆಸಬೇಕು. ಟ್ಯಾಗ್ ಬಂತೆಂದು ಊರಲ್ಲಿ ಸಿಹಿ ಹಂಚಿದವರಲ್ಲಿ ಎಷ್ಟೋ ಮಂದಿಗೆ ಈ ಎರಡನೆಯ ಮೆಟ್ಟಿಲಿನ ಸುದ್ದಿಯನ್ನೇ ಯಾರೂ ಹೇಳಿರುವುದಿಲ್ಲ. ಹೆಸರು ಉಳಿದು ಬೆಳೆ ಅಳಿಯುವುದೇ ನನ್ನ ನಿಜವಾದ ಸಂಕಟ. ದೇವನಹಳ್ಳಿಯ ಚಕ್ಕೋತಕ್ಕೂ ಟ್ಯಾಗ್ ಇದೆ; 2008ರಲ್ಲಿ ಪಕ್ಕದಲ್ಲೇ ವಿಮಾನ ನಿಲ್ದಾಣ ತೆರೆಯಿತು, ತೋಟಗಳು ನಿವೇಶನಗಳಾದವು. ಹೆಸರಿಗೆ ಕಾವಲಿದ್ದ ಕಾಯ್ದೆ ನೆಲಕ್ಕೆ ಕಾವಲಿರಲಿಲ್ಲ.

ಉಡುಪಿಯ ಮಟ್ಟುಗುಳ್ಳವನ್ನು ನೋಡಿದಾಗ ಮನಸ್ಸಿಗೆ ಸ್ವಲ್ಪ ಧೈರ್ಯ ಬರುತ್ತದೆ. ಅದಕ್ಕೆ ಟ್ಯಾಗ್ ಸಿಕ್ಕಿದ್ದು 2011ರಲ್ಲಿ. ಆದರೆ ವಾದಿರಾಜರು ಕೊಟ್ಟ ಬೀಜವೆಂಬ ನಂಬಿಕೆ, ಕೃಷ್ಣಮಠಕ್ಕೆ ಸಲ್ಲುವ ಹೊರೆಕಾಣಿಕೆ, ಮನೆಮನೆಯ ಗುಳ್ಳದ ಹುಳಿ, ಇವು ಅದಕ್ಕೆ ಎಷ್ಟೋ ಮೊದಲೇ ಆ ಬದನೆಯನ್ನು ಕಾದುಕೊಂಡು ಬಂದಿದ್ದವು. ಕುಲಾಂತರಿ ಬದನೆಯ ಚರ್ಚೆ 2010ರಲ್ಲಿ ಕಾವೇರಿದಾಗ ಕರಾವಳಿಯವರು ಗುಳ್ಳದ ಹೆಸರು ಹಿಡಿದೇ ಮಾತಾಡಿದರು. ತಿನ್ನುವವರು ಬೆಳೆಯುವವರ ಬೆನ್ನಿಗೆ ನಿಂತಿದ್ದರು.

ರಸಬಾಳೆಗೂ ಅಂಥ ಬೆನ್ನು ಬೇಕು. ರೋಗವಿಲ್ಲದ ಅಂಗಾಂಶ ಕೃಷಿಯ ಸಸಿ ಸಣ್ಣ ರೈತನ ಕೈಗೆಟುಕಬೇಕು. ಮೊದಲ ಎರಡು ಬೆಳೆ ಕೈಕೊಟ್ಟರೆ ನಷ್ಟವನ್ನು ಅವನೊಬ್ಬನೇ ಹೊರಬಾರದು. ಟ್ಯಾಗ್ ಕೊಡಿಸಿದ ಸರ್ಕಾರವೇ ಇಷ್ಟನ್ನೂ ಮಾಡಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಓದುಗರಲ್ಲೊಂದು ವಿನಂತಿ. ನಿಮ್ಮ ಹಿತ್ತಲಲ್ಲಿ, ಅಜ್ಜನ ತೋಟದ ಮೂಲೆಯಲ್ಲಿ ಹಳೆಯ ರಸಬಾಳೆಯ ಬುಡ ಇನ್ನೂ ಉಳಿದಿದ್ದರೆ ನಮಗೆ ಬರೆಯಿರಿ. ಆ ಕಂದು ಯಾವ ಊರಿನಿಂದ ಬಂತು, ಯಾರು ತಂದು ನೆಟ್ಟರು, ಕೊನೆಯ ಗೊನೆ ಯಾವಾಗ ಕಡಿದಿರಿ ಎಂದು ತಿಳಿಸಿ. ಕಂದನ್ನು ಮಾತ್ರ ಯಾರಿಗೂ ಕಿತ್ತು ಕಳಿಸಬೇಡಿ, ಮಣ್ಣಿನ ಜೊತೆ ರೋಗ ಪ್ರಯಾಣ ಮಾಡುತ್ತದೆ. ನಿಮ್ಮ ಪತ್ರಗಳನ್ನು ಮುಂದಿನ ಸಂಚಿಕೆಗಳಲ್ಲಿ, ಊರಿನ ಹೆಸರಿನೊಂದಿಗೆ ಪ್ರಕಟಿಸುತ್ತೇವೆ.