ಓದದವರ ಇಂಗ್ಲಿಷು

ನಮ್ಮ ನಾಡಿನಲ್ಲಿ ಇಂಗ್ಲಿಷಿನ ಚರ್ಚೆ ಎದ್ದಾಗಲೆಲ್ಲ ಅದು ಮಕ್ಕಳ ಸುತ್ತಲೇ ಸುತ್ತುತ್ತದೆ. ಯಾವ ತರಗತಿಯಿಂದ ಕಲಿಸಬೇಕು, ಮಾಧ್ಯಮ ಯಾವುದಾಗಬೇಕು ಎಂಬ ಪ್ರಶ್ನೆಗಳಿಗಾಗಿ ಸಮಿತಿಗಳು ಕುಳಿತಿವೆ, ನ್ಯಾಯಾಲಯಗಳು ತೀರ್ಪಿತ್ತಿವೆ. 2007ರಿಂದ ಸರಕಾರಿ ಶಾಲೆಗಳ ಒಂದನೆಯ ತರಗತಿಗೆ ಇಂಗ್ಲಿಷು ಒಂದು ವಿಷಯವಾಗಿ ಬಂದಿತು. ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದುವು. ಇಷ್ಟೆಲ್ಲ ಆದರೂ, ಶಾಲೆಯ ಮೆಟ್ಟಿಲನ್ನು ಎರಡು ಮೂರು ವರ್ಷ ತುಳಿದು ಬಿಟ್ಟವರ, ಅಥವಾ ತುಳಿಯದೆಯೇ ಉಳಿದ ದೊಡ್ಡವರ ಮಾತನ್ನು ಯಾರೂ ಎತ್ತಲಿಲ್ಲ. ಅವರಿಗೂ ಇಂಗ್ಲಿಷು ಬೇಕಾಗಿದೆ.

ಗಂಗಾವತಿಯ ಕಡೆಯ ಹೇಮಗುಡ್ಡವನ್ನು ಚರಿತ್ರೆಯ ಓದುಗರು ಬಲ್ಲರು. ಕಂಪಿಲನ, ಕುಮಾರರಾಮನ ಹೆಸರಿನೊಡನೆ ಹೊಂದಿಕೊಂಡ ಕೋಟೆ ಅಲ್ಲಿದೆ. ನವರಾತ್ರಿಯಲ್ಲಿ ದುರ್ಗಾಪರಮೇಶ್ವರಿಯ ಗುಡಿಗೆ ಸುತ್ತಣ ಹಳ್ಳಿಗಳ ಜನ ನೆರೆಯುತ್ತಾರೆ. ಆ ಗುಡಿಯ ಅಂಗಳದಲ್ಲಿ, ಬತ್ತದ ನಾಟಿಗೆ ಹೋಗುವ ಕೆಲವು ಹೆಂಗಸರೊಡನೆ ಮಾತನಾಡುವ ಅವಕಾಶ ನನಗೆ ಒದಗಿತ್ತು. ನಾನು ಕನ್ನಡದ ಮಾಸ್ತರನೆಂದು ತಿಳಿದ ಮೇಲೂ ಅವರು ವಿಚಾರಿಸಿದ್ದು ಇಂಗ್ಲಿಷನ್ನೇ. ಅವರಲ್ಲೊಬ್ಬಾಕೆ ಅಂದಳು: “ಪುಸ್ತಕ ಓದಾಕಲ್ರೀ ಮಾಸ್ತರ. ಗುಳಿಗಿ ಮ್ಯಾಲಿನ ತಾರೀಖು ತಿಳದ್ರ ಸಾಕು. ಫೋನಿನ್ಯಾಗ ರೊಕ್ಕ ಬಂತೋ ಹೋತೋ ತಿಳದ್ರ ಸಾಕು.”

ಈ ಮಾತಿನ ತೂಕವನ್ನು ಓದುಗರು ಗಮನಿಸಬೇಕು. 2023ರಿಂದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಸಲ್ಲುತ್ತಿದೆ. ಆದರೆ ಬ್ಯಾಂಕಿನ ಸಂದೇಶ ಹೆಚ್ಚಾಗಿ ಬರುವುದು ಇಂಗ್ಲಿಷಿನಲ್ಲಿ. ಅದರಲ್ಲಿ ‘ಕ್ರೆಡಿಟೆಡ್’ ಎಂದಿದ್ದರೆ ಹಣ ಬಂದಂತೆ, ‘ಡೆಬಿಟೆಡ್’ ಎಂದಿದ್ದರೆ ಹೋದಂತೆ. ಎರಡು ಪದಗಳ ಬಾಲವೂ ಒಂದೇ, ತಲೆ ಮಾತ್ರ ಬೇರೆ. ಆ ತಲೆಯನ್ನು ಗುರುತಿಸಲಾರದವಳು ಫೋನನ್ನು ಪರರ ಕೈಗೆ ಕೊಡಬೇಕು, ಅದರೊಡನೆ ಗುಪ್ತಸಂಖ್ಯೆಯನ್ನೂ ಹೇಳಬೇಕು. ಮೋಸ ಹೋಗುವ ದಾರಿ ತೆರೆಯುವುದು ಅಲ್ಲಿಯೇ.

ಇಂತಹ ಬೇಡಿಕೆಯನ್ನು ಇಂಗ್ಲಿಷಿನ ವ್ಯಾಮೋಹವೆಂದು ತಳ್ಳಿಹಾಕುವುದು ನ್ಯಾಯವಾಗದು. ಪರಭಾಷೆಯ ಅಧಿಕಾರ ಈ ಸೀಮೆಗೆ ಹೊಸದೇನೂ ಅಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಕಚೇರಿಯ ಭಾಷೆ ಮೊದಲು ಪಾರಸಿ, 19ನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದುವೇ ಆಗಿತ್ತು. ಅರ್ಜಿ, ದಾಖಲೆ, ಜಮೀನು, ರಸೀದಿ, ಜಾಮೀನು ಎಂಬ ಮಾತುಗಳನ್ನು ರೈತ ಕಿವಿಯಿಂದಲೇ ಕಲಿತು ತನ್ನವನ್ನಾಗಿ ಮಾಡಿಕೊಂಡ. ಕಾಗದವನ್ನು ಓದಲು ಮಾತ್ರ ಮತ್ತೊಬ್ಬನ ಕಣ್ಣನ್ನು ಬಾಡಿಗೆಗೆ ಹಿಡಿಯಬೇಕಾಯಿತು. ಅಂದು ಕಚೇರಿಯ ಮುಂದೆ ಅರ್ಜಿ ಬರೆಯುವವನು ಕುಳಿತಿದ್ದ ಸ್ಥಾನದಲ್ಲಿ ಇಂದು ಮೊಬೈಲ್ ಅಂಗಡಿಯ ಹುಡುಗ ಕುಳಿತಿದ್ದಾನೆ. ಬಾಡಿಗೆ ಇನ್ನೂ ನಿಂತಿಲ್ಲ.

ಹಾಗಾದರೆ ಇವರಿಗೆ ಕಲಿಸುವ ಬಗೆ ಯಾವುದು? ಮಕ್ಕಳ ಪಠ್ಯವನ್ನೇ ತಂದು ಮುಂದಿಟ್ಟರೆ ಅದು ಅವರ ವಯಸ್ಸಿಗೂ ಅನುಭವಕ್ಕೂ ಅಪಮಾನ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ನಾಡನ್ನು ಗುರುತಿಸುವಾಗ ಕೊಪಣವನ್ನೂ ಹೆಸರಿಸಿದೆ; ಈ ನಾಡಿನ ಜನ ಕ್ರಮವಾಗಿ ಓದದೆಯೂ ಕಾವ್ಯವನ್ನು ಬಳಸಬಲ್ಲ ಪಕ್ವಮತಿಗಳೆಂದೂ ಹೇಳಿದೆ. ಓದು ಬೇರೆ, ಬುದ್ಧಿ ಬೇರೆ ಎಂಬ ಈ ತಿಳಿವೇ ವಯಸ್ಕರ ಶಿಕ್ಷಣದ ಮೊದಲನೆಯ ಸೂತ್ರವಾಗಬೇಕು.

ಬಸ್ಸು, ಟಿಕೇಟು, ಬ್ಯಾಂಕು, ಡಾಕ್ಟರು, ಮೋಟಾರು, ಯೂರಿಯಾ, ರೀಚಾರ್ಜು: ಹೇಮಗುಡ್ಡದ ಕೂಲಿಯಾಳಿನ ನಾಲಗೆಯ ಮೇಲೆ ಇಂತಹ ಪದಗಳು ಈಗಾಗಲೇ ಓಡಾಡುತ್ತಿವೆ. ತುಂಗಭದ್ರೆಯ ದಡದ ಆನೆಗೊಂದಿ, ಸಾಣಾಪುರಗಳಿಗೆ ಬರುವ ಪರದೇಶದ ಪ್ರವಾಸಿಗಳೊಡನೆ ವ್ಯವಹರಿಸುವವರು ಕೇಳಿ ಕೇಳಿಯೇ ಇಂಗ್ಲಿಷಾಡುವುದನ್ನು ಕಲಿತಿರುವುದುಂಟು. ಕಿವಿಗೆ ಬಂದಿರುವುದನ್ನು ಕಣ್ಣಿಗೆ ತರುವುದಷ್ಟೇ ಉಳಿದ ಕೆಲಸ. 1963ರಲ್ಲಿ ಬ್ರೆಜಿಲ್ ದೇಶದ ಆಂಜಿಕೋಸ್ ಎಂಬ ಊರಿನಲ್ಲಿ ಪಾವ್ಲೊ ಫ್ರೇರೆ ಸುಮಾರು 300 ಮಂದಿ ದುಡಿಯುವವರಿಗೆ 40 ಗಂಟೆಗಳ ಪಾಠದಲ್ಲಿ ಅವರದೇ ಭಾಷೆಯ ಓದುಬರಹ ಕಲಿಸಿದುದು, ಅವರ ಬದುಕಿನಲ್ಲಿ ಬಳಕೆಯಲ್ಲಿದ್ದ ಪದಗಳನ್ನೇ ಹಿಡಿದು.

ಆದರೆ ಇಲ್ಲೊಂದು ಮುಖ್ಯವಾದ ಎಚ್ಚರಿಕೆ ಅಗತ್ಯ. ಕನ್ನಡದ ಅಕ್ಷರವೇ ಬಾರದವರಿಗೆ ನೇರವಾಗಿ ಇಂಗ್ಲಿಷಿನ ಅಕ್ಷರ ಕಲಿಸಹೊರಡುವುದು ತಳಪಾಯವಿಲ್ಲದ ಗೋಡೆ. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯಲ್ಲಿ ಸಾಕ್ಷರರು ನೂರಕ್ಕೆ 68. ಹೆಂಗಸರಲ್ಲಿ ನೂರಕ್ಕೆ 58ಕ್ಕೂ ಕಡಮೆ. ಕನ್ನಡದಲ್ಲಿ ಬರೆದಂತೆ ಓದು, ಓದಿದಂತೆ ಬರೆ. ‘ಕ’ ಎಂಬ ಅಕ್ಷರದ ಹೆಸರೂ ‘ಕ’, ಧ್ವನಿಯೂ ‘ಕ’. ಇಂಗ್ಲಿಷಿನ ‘ಸಿ’ ಎಂಬ ಅಕ್ಷರವಾದರೋ ಒಂದು ಕಡೆ ಸಕಾರ, ಮತ್ತೊಂದು ಕಡೆ ಕಕಾರ. ಇಪ್ಪತ್ತಾರೇ ಅಕ್ಷರವೆಂದು ಹೇಳಿದರೂ ದೊಡ್ಡವು, ಚಿಕ್ಕವು ಸೇರಿ ಐವತ್ತೆರಡು ರೂಪಗಳಾಗುತ್ತವೆ. ಧ್ವನಿಯೊಂದಕ್ಕೆ ಗುರುತೊಂದು ಎಂಬ ತತ್ತ್ವ ತನ್ನ ಮಾತಿನಲ್ಲಿ ಒಮ್ಮೆ ಮನಸ್ಸಿಗೆ ಹತ್ತಿದರೆ, ಅಡ್ಡದಾರಿ ಹಿಡಿಯುವ ಇಂಗ್ಲಿಷಿನ ಅಕ್ಷರಗಳನ್ನೂ ಪಳಗಿಸಬಹುದು. ಅಮೆರಿಕದ ಮಿನೆಸೋಟ ಪ್ರಾಂತದಲ್ಲಿ ಸೋಮಾಲಿ ವಲಸಿಗರ ನಡುವೆ ನಡೆದ ಅಧ್ಯಯನ ಇನ್ನೂ ಒಂದು ಸೂಕ್ಷ್ಮವನ್ನು ತೋರಿಸಿದೆ. ಅಕ್ಷರಜ್ಞಾನ ಹೆಚ್ಚಿದ್ದವರು, ತಮ್ಮ ಮಾತಿನ ರೂಪವನ್ನು ಸಂಶೋಧಕರು ತಿದ್ದಿದಾಗ ಆ ತಿದ್ದುವಿಕೆಯನ್ನು ಹೆಚ್ಚಾಗಿ ಗ್ರಹಿಸಿದರು. ಅಂದ ಮೇಲೆ ಪರಭಾಷೆಯನ್ನು ಕೇಳಿ ಕಲಿಯುವುದಕ್ಕೂ ಅಕ್ಷರದ ಬೆಂಬಲವುಂಟು. ಆ ಅಕ್ಷರ ನಮ್ಮವರಿಗೆ ಕನ್ನಡದಲ್ಲಿ ಸುಲಭ.

ಕನ್ನಡದ ಮೆಟ್ಟಿಲು ಹತ್ತಿದವರಿಗೆ ಮೊದಲು ದೊಡ್ಡಕ್ಷರಗಳು ಸಾಕು. ಔಷಧದ ಪಟ್ಟಿ, ಗೊಬ್ಬರದ ಚೀಲ, ಆಸ್ಪತ್ರೆಯ ಫಲಕಗಳಲ್ಲಿ ಹೆಚ್ಚಾಗಿ ಕಾಣುವುದು ಅವೇ. ಅಂಕಿಗಳನ್ನು ರೊಕ್ಕವೂ ಫೋನೂ ಆಗಲೇ ಕಲಿಸಿವೆ. ‘ಇ, ಎಕ್ಸ್, ಪಿ’ ಎಂಬ ಮೂರು ಅಕ್ಷರಗಳ ಮುಂದಿರುವ ತಾರೀಖು ಕಳೆದಿದ್ದರೆ ಗುಳಿಗೆ ನುಂಗಬಾರದು ಎಂಬುದು ಒಂದು ಪೂರ್ಣ ಪಾಠ. ಫೋನಿನ ಸಂದೇಶಕ್ಕಾಗಿ ಚಿಕ್ಕಕ್ಷರಗಳು ಅನಂತರ ಬರಲಿ. ವ್ಯಾಕರಣಕ್ಕೆ ಅವಸರವಿಲ್ಲ.

ಕಲಿಯುವವರ ಹೊಣೆಯನ್ನಷ್ಟೇ ಹೇಳಿ ನಿಲ್ಲಿಸಿದರೆ ವಿಚಾರ ಅರ್ಧಕ್ಕೇ ನಿಂತಂತೆ. 1963ರಲ್ಲಿಯೇ ರಾಜಭಾಷೆಯ ಅಧಿನಿಯಮ ಮಾಡಿಕೊಂಡ ನಾಡಿನಲ್ಲಿ, ಔಷಧದ ಪಟ್ಟಿಯ ಮೇಲೆ ಕನ್ನಡ ಕಾಣುವುದು ಅಪರೂಪವೇಕೆ? ಆಗದ ಕೆಲಸವೇನೂ ಅಲ್ಲವೆಂಬುದಕ್ಕೆ ಕೀಟನಾಶಕಗಳೇ ಸಾಕ್ಷಿ. 1971ರ ಕೀಟನಾಶಕ ನಿಯಮಗಳು, ಡಬ್ಬಿಯೊಡನೆ ಪ್ರದೇಶಭಾಷೆಯಲ್ಲಿಯೂ ಕರಪತ್ರವಿರಬೇಕೆಂದು ವಿಧಿಸಿವೆ. ವಿಷದ ಪ್ರಮಾಣವನ್ನು ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಿಂದ ತೋರಿಸುವ ಏರ್ಪಾಡನ್ನೂ ಮಾಡಿವೆ. ಬೆಳೆಯ ವಿಷಕ್ಕೆ ತೋರಿದ ಈ ಎಚ್ಚರ ದೇಹದ ಮದ್ದಿಗೂ ಬ್ಯಾಂಕಿನ ಸಂದೇಶಕ್ಕೂ ಬೇಡವೇ? ಇವೆಲ್ಲ ಕನ್ನಡಕ್ಕೆ ಬಂದರೆ ಆ ಹೆಂಗಸರಿಗೆ ಬೇಕಾದ ಇಂಗ್ಲಿಷಿನ ಅರ್ಧಭಾಗ ತಾನಾಗಿ ಬೇಡವಾಗುತ್ತದೆ.

ಉಳಿದರ್ಧವನ್ನು ಕಲಿಸುವುದು ನಮ್ಮ ಕರ್ತವ್ಯ. ಹದಿನೈದು ವರ್ಷ ದಾಟಿದ ಅನಕ್ಷರಸ್ಥರಿಗಾಗಿ 2022ರಲ್ಲಿ ಆರಂಭವಾಗಿ 2027ರವರೆಗಿನ ಅವಧಿಯನ್ನಿಟ್ಟುಕೊಂಡ ನವಭಾರತ ಸಾಕ್ಷರತಾ ಕಾರ್ಯಕ್ರಮವು ಓದುಬರಹದೊಡನೆ ಹಣಕಾಸಿನ ಮತ್ತು ಡಿಜಿಟಲ್ ತಿಳಿವಳಿಕೆಯನ್ನೂ ಗುರಿಯಾಗಿಸಿಕೊಂಡಿದೆ. ಆ ತಿಳಿವಳಿಕೆಯ ಪದಗಳೆಲ್ಲ ಬಹುಮಟ್ಟಿಗೆ ಇಂಗ್ಲಿಷೇ. ಕನ್ನಡದ ಪಾಠ ಮುಗಿಸಿದವರಿಗೆ ನೂರು ಪದಗಳ ಒಂದು ಕಿರುಹೊತ್ತಗೆ, ಪದದ ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರ, ಕೆಳಗೆ ಅರ್ಥ: ಇಷ್ಟನ್ನು ಸೇರಿಸುವುದಕ್ಕೆ ದೊಡ್ಡ ವೆಚ್ಚವೇನೂ ತಗಲದು.

ಕನ್ನಡದ ಅಭಿಮಾನಿಗಳು ಇದರಿಂದ ಬೆದರಬೇಕಾಗಿಲ್ಲ. ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸಿ, ಬಡವರಿಗೆ ಮಾತ್ರ ಕನ್ನಡವೇ ಸಾಕೆನ್ನುವವರ ಅಭಿಮಾನದಿಂದ ಭಾಷೆ ಬಾಳದು. ಕನ್ನಡದ ಮೂಲಕ ಓದು ಬಂದು, ಆ ಓದಿನ ಬಲದಿಂದ ತನ್ನ ಗುಳಿಗೆಯ ತಾರೀಖನ್ನೂ ತನ್ನ ರೊಕ್ಕದ ಲೆಕ್ಕವನ್ನೂ ತಾನೇ ನೋಡಿಕೊಳ್ಳುವ ಹೆಂಗಸು ಕನ್ನಡವನ್ನು ಉಪಯೋಗಕ್ಕೆ ಬಾರದ ಭಾಷೆಯೆಂದು ಎಂದಿಗೂ ಹೇಳಲಾರಳು.